ಚಲನ್ನಿನ ಹಿಂಬದಿಯಲ್ಲಿ ಬರೆದ ಸಾಲು

ಮುಂಬಯಿಯ ಮುಲುಂಡಿನ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಹಲವು ವರ್ಷಗಳಿಂದ ಕೌಂಟರಿನಲ್ಲಿ ಕುಳಿತಿದ್ದೇನೆ. ವಿಮೆಯ ಟಾರ್ಗೆಟ್, ಸಾಲು ಬೆಳೆದಂತೆ ಏರುವ ಗ್ರಾಹಕರ ದನಿ, ಇವುಗಳ ನಡುವೆ ಯಾರ ಮುಖವನ್ನೂ ನೋಡದೆ ಫಾರ್ಮು ಪಾಸು ಮಾಡುವ ಅಭ್ಯಾಸ ನನಗೂ ಬಂದಿತ್ತು. ಅಂಥದ್ದೇ ಒಂದು ದಿನ ನಿವೃತ್ತ ಶಿಕ್ಷಕರೊಬ್ಬರು ಠೇವಣಿ ಮುರಿದು 9 ಲಕ್ಷ ರೂಪಾಯಿಯನ್ನು ಇನ್ನೊಂದು ಬ್ಯಾಂಕಿನ ಖಾತೆಗೆ ಆರ್‌ಟಿಜಿಎಸ್ ಮಾಡಿಸಿದರು. ನಾನು ಸಹಿ ತಾಳೆ ನೋಡಿದೆ, ಕಾರಣ ಕೇಳಲಿಲ್ಲ. ಮೂರನೆಯ ದಿನ ಅವರು ಮಗಳ ಕೈ ಹಿಡಿದು ಬಂದಾಗಲೇ, ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೋ ಕರೆಯಲ್ಲಿ ಅವರನ್ನು 'ಡಿಜಿಟಲ್ ಅರೆಸ್ಟ್' ಮಾಡಿದ್ದನೆಂದು, ಅಂದರೆ ಬಂಧನದ ಸುಳ್ಳು ಬೆದರಿಕೆ ಹಾಕಿ ಕರೆ ಕಡಿಯದಂತೆ ಹಿಡಿದಿಟ್ಟಿದ್ದನೆಂದು ತಿಳಿದದ್ದು. ಆರ್‌ಟಿಜಿಎಸ್‌ನಲ್ಲಿ ಹೋದ ಹಣ ಕೂಡಲೇ ಜಮೆಯಾಗುತ್ತದೆ. ಅಲ್ಲಿಂದ ವಂಚಕರು ಬಾಡಿಗೆಗೆ ಪಡೆದ ಬೇರೆಯವರ ಖಾತೆಗಳಿಗೆ ಹಂಚಿಹೋಗಲು ಹೆಚ್ಚು ಹೊತ್ತು ಬೇಡ. ಅವರ ಹಣ ಬಹುಪಾಲು ಮರಳಲಿಲ್ಲ. ಆ ಫಾರ್ಮಿನ ಮೇಲಿದ್ದದ್ದು ನನ್ನ ಸಹಿ.

ಅಂದಿನಿಂದ ಹಿರಿಯರು ದೊಡ್ಡ ಮೊತ್ತ ಕಳುಹಿಸಲು ಬಂದರೆ ಕಾರಣ ಕೇಳತೊಡಗಿದೆ. ಆದರೆ ಹೇಳಬೇಕಾದ ಉತ್ತರವನ್ನೂ ವಂಚಕರು ಬಾಯಿಪಾಠ ಮಾಡಿಸಿರುತ್ತಾರೆ: ಮಗಳ ಮದುವೆ, ಫ್ಲ್ಯಾಟಿನ ಮುಂಗಡ. ಪತ್ರಿಕೆಯಲ್ಲಿ ಬಂದ ನಿಜವಾದ ಹಗರಣಗಳ ಹೆಸರನ್ನೇ ಎತ್ತಿ ಹೆದರಿಸುವುದರಿಂದ, ನಿತ್ಯ ಸುದ್ದಿ ಓದುವವರೂ ಸಿಕ್ಕಿಬೀಳುತ್ತಾರೆ. ಇಂಥ ಬಂಧನ ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಹೇಳಿದ್ದರೂ, ತಮ್ಮ ಪ್ರಕರಣ ಮಾತ್ರ ನಿಜವೆಂದೇ ಅವರಿಗೆ ತೋರುತ್ತದೆ. ಹೀಗಾಗಿ ಉತ್ತರಕ್ಕಿಂತ ಕೈಗಳನ್ನು ಗಮನಿಸುವುದು ಮೇಲೆಂದು ಕಂಡುಕೊಂಡೆ.

ಕುಂದಾಪುರ ಕಡೆಯ ಅಕ್ಕ ಒಬ್ಬರು ಹಾಗೆಯೇ ಕಣ್ಣಿಗೆ ಬಿದ್ದರು. ಪ್ರತಿ ಸಲ ಊರಿನ ಮಳೆಯ ಸುದ್ದಿ ಹೇಳುತ್ತಿದ್ದವರು ಅಂದು ಠೇವಣಿ ಮುರಿಸಲು ಬಂದು ತುಟಿ ಬಿಚ್ಚಲಿಲ್ಲ. ಬ್ಯಾಗಿನ ಬಾಯಿ ತೆರೆದಿತ್ತು, ಒಳಗೆ ಮೊಬೈಲಿನ ಪರದೆ ಬೆಳಗುತ್ತಿತ್ತು, ಅವರ ಎಡಗೈ ಅದರ ಮೇಲೇ ಇತ್ತು. ಆ ಕಡೆಯವನು ಕೇಳಿಸಿಕೊಳ್ಳುತ್ತಿದ್ದಾನೆಂದು ಅರ್ಥವಾಯಿತು. ಮಾತಾಡದೆ, ಚಲನ್ನಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದು ಗಾಜಿನಡಿ ಸರಿಸಿದೆ: 'ಅಕ್ಕಾ, ಫೋನಿನಲ್ಲಿರುವವನು ಪೊಲೀಸನಲ್ಲ. ಹೆದರಿಸುತ್ತಿದ್ದಾನೆಯೇ?' ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ನನಗೆ ಇಷ್ಟು ಉಪಯೋಗಕ್ಕೆ ಬಂದದ್ದು ಮತ್ತೊಂದಿಲ್ಲ. ಅವರು ಎರಡು ಸಲ ಓದಿದರು. ಪೆನ್ನು ತೆಗೆದುಕೊಂಡು 'ಹೌದು' ಎಂದು ಬರೆಯುವಾಗ ಕಾಗದ ಹರಿಯುವಷ್ಟು ಒತ್ತಿದರು.

'ಸರ್ವರ್ ಡೌನ್ ಇದೆ, ಕಾಯಬೇಕು' ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿ, ಅವರನ್ನು ಮ್ಯಾನೇಜರರ ಕೋಣೆಗೆ ಕರೆದೊಯ್ದು ಕರೆ ಕಡಿಸಿದೆವು. ಹಿಂದಿನ ರಾತ್ರಿಯೇ ಮೊಬೈಲಿನಿಂದ 60 ಸಾವಿರ ಕಳುಹಿಸಿದ್ದರು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಓದಿ ಹೇಳಿದೆವು. ವಹಿವಾಟಿನ ಸಂಖ್ಯೆ ಕೈಯಲ್ಲಿದ್ದರೆ ಹಣ ಸೇರಿದ ಖಾತೆಯನ್ನು ತಡೆಹಿಡಿಯುವುದು ಬೇಗ ಆಗುತ್ತದೆ. ಕಳುಹಿಸಿದ್ದರಲ್ಲಿ 22 ಸಾವಿರ ಆ ಖಾತೆಯಲ್ಲಿ ಇನ್ನೂ ಉಳಿದಿತ್ತು. ಠೇವಣಿ ಮುರಿಯಲಿಲ್ಲ. ಹೊರಗಿನ ಸಾಲಿನವರು ಬೈಯುತ್ತಿದ್ದರು, ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ.

ಈಗ ಅದೇ ಪ್ರಶ್ನೆ ಮರಾಠಿ, ಹಿಂದಿ, ಗುಜರಾತಿಗಳಲ್ಲೂ ಬರೆದ ರಟ್ಟೊಂದು ನನ್ನ ಕೌಂಟರಿನ ಒಳಬದಿಯಲ್ಲಿದೆ. ಗುಜರಾತಿ ಸಾಲನ್ನು ಬರೆದುಕೊಟ್ಟವರು ಆ ನಿವೃತ್ತ ಶಿಕ್ಷಕರು.