ಬುಲೆಟ್ 350: ಕಬ್ಬಿಣದ ಎಂಜಿನ್ನಿನಲ್ಲಿ ನನ್ನ ಆಯ್ಕೆ 1995

ಕಲಬುರಗಿಯಲ್ಲಿ ಹಳೇ ಬುಲೆಟ್ ಹುಡುಕುವವರ ಬಾಯಲ್ಲಿ ಒಂದೇ ಮಾತು: "ಐಷರ್ ಬರೂಕಿಂತ ಮದಲಿಂದು ಇರಬೇಕು, ಆಗಿನ ಕಬ್ಬಿಣಾನೇ ಬ್ಯಾರೆ." ಮಾರುವವರಿಗೂ ಇದು ಗೊತ್ತು. ಹಾಗಾಗಿ 1993ರ ಗಾಡಿಗೆ ಒಂದು ರೇಟು, 1995ರದ್ದಕ್ಕೆ ಇನ್ನೊಂದು. ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ವರ್ಷದ್ದು ಎಂದು ಹೇಳುವುದು ಪಳಗಿದ ಮಿಸ್ತ್ರಿಗೂ ಕಷ್ಟ. 70 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 90 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ), 346 ಸಿಸಿ, ಎರಕದ ಕಬ್ಬಿಣದ ಸಿಲಿಂಡರು, ನಾಲ್ಕು ಗೇರಿನ ಆಲ್ಬಿಯನ್ ಗೇರ್‌ಬಾಕ್ಸು, ಬಲಗಾಲಿನ ಗೇರು, ಎಡಗಾಲಿನ ಬ್ರೇಕು. 1994ರಲ್ಲಿ ಬುಲೆಟ್ ತಯಾರಿಸುವ ಎನ್‌ಫೀಲ್ಡ್ ಇಂಡಿಯಾ ಐಷರ್ ಕಂಪನಿಯ ತೆಕ್ಕೆಗೆ ಹೋದಾಗ ಬದಲಾದದ್ದು ಮಾಲೀಕತ್ವ, ಎಂಜಿನ್ ಅಲ್ಲ. ನಾನು 1995 ಅನ್ನುವುದಕ್ಕೆ ಮೊದಲ ಕಾರಣವೇ ಇದು. ಗಾಡಿ ಅದೇ, "ಮದ್ರಾಸ್ ಟೈಮು" ಎಂಬ ಹೆಸರಿಗೆ ಕೊಡುವ ದುಡ್ಡು ಮಾತ್ರ ಉಳಿಯುತ್ತದೆ. ಇನ್ನು ಕಬ್ಬಿಣದ ಮಾತು. ಮೂವತ್ತು ವರ್ಷದಲ್ಲಿ ಎರಡು ಮೂರು ಸಲ ಒಳಗೋಡೆ ಕೊರೆದು ಬೋರ್ ಆದ ಸಿಲಿಂಡರಿನ ಗುಣ ನಿಂತಿರುವುದು ಕೊನೆಯ ಸಲ ಲೇಥ್ ಮೇಲೆ ಕೂತವನ ಕೈಮೇಲೆ. ಬುಲೆಟ್ ತಯಾರಾದ ಮದ್ರಾಸಿನ ತಿರುವೊಟ್ಟಿಯೂರಿನ ಫ್ಯಾಕ್ಟರಿಗೂ ಅದಕ್ಕೂ ಈಗ ಸಂಬಂಧ ಉಳಿದಿಲ್ಲ.

ಎರಡನೆಯ ಕಾರಣ ಕಾಗದ. ಬುಲೆಟ್ ಮದ್ರಾಸಿನಲ್ಲಿ ಜೋಡಣೆಯಾಗತೊಡಗಿದ್ದು 1955ರಲ್ಲಿ, ಹಾಗಾಗಿ ತುಂಬಾ ಹಳೆಯವೂ ಸಿಗುತ್ತವೆ. ಆದರೆ 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಬಂದು ಕೆಎ ನಂಬರು ಶುರುವಾಗುವ ಮುಂಚಿನ, ಮೂರು ಅಕ್ಷರದ ನಂಬರಿನ ಗಾಡಿಗಳ ವಿವರ ಎಷ್ಟೋ ಸಲ ಆರ್‌ಟಿಒದ ವಾಹನ್ ತಂತ್ರಾಂಶಕ್ಕೆ ಏರಿರುವುದೇ ಇಲ್ಲ. ಬ್ಯಾಕ್‌ಲಾಗ್ ಎಂಟ್ರಿ (ಹಳೇ ವಿವರ ಕಂಪ್ಯೂಟರಿಗೆ ಏರಿಸುವುದು) ಮಾಡಿಸಬೇಕು, ಅದಕ್ಕೆ ಹಳೇ ರಿಜಿಸ್ಟರ್ ಪುಟ ಸಿಗಬೇಕು, ಅದು ಸಿಗುವತನಕ ಹೆಸರು ವರ್ಗಾವಣೆ ಇಲ್ಲ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಷ್ಟಕ್ಕೇ. ಸೂಪರ್ ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವ ಬುಲೆಟ್ ಬೇಕಾದವರಿಗೆ ಅದು ಬೇಡ.

ಆಚೆ ಬದಿಯ ಗೆರೆ 2000ದ ದಶಕ. ಆಗ ಎಲೆಕ್ಟ್ರಾ ಮಾಡೆಲ್ ಬಂತು, ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಆಮೇಲೆ ಐದು ಗೇರು, ಅದೂ ಎಡಗಾಲಿಗೆ. 2010ರ ಹೊತ್ತಿಗೆ ಕಬ್ಬಿಣದ ಎಂಜಿನ್ನೇ ಹೋಗಿ, ಗೇರ್‌ಬಾಕ್ಸ್ ಒಳಗೇ ಸೇರಿದ ಯುಸಿಇ ಎಂಜಿನ್ ಕೂತಿತು. ದಿನಾ ನೂರು ಕಿ.ಮೀ. ಓಡಿಸುವವರಿಗೆ ಆ ಗಾಡಿಗಳು ಇದಕ್ಕಿಂತ ಚಲೋ, ಅದರಲ್ಲಿ ವಾದವಿಲ್ಲ. ಆದರೆ ರಸ್ತೆ ಬದಿಯಲ್ಲಿ ಕೂತು ಒಂದು ಸ್ಕ್ರೂಡ್ರೈವರ್, ಒಂದು ಉಪ್ಪುಕಾಗದದಲ್ಲಿ ಸರಿಮಾಡಿಕೊಂಡು ಹೊರಡುವ ಗಾಡಿ 90ರ ದಶಕದ್ದೇ.

1995ರ ಗಾಡಿಯ ಆರ್‌ಸಿಯ ಲೆಕ್ಕ ಸರಳ. ಮೊದಲ 15 ವರ್ಷ 2010ಕ್ಕೆ ಮುಗಿದಿರುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ: 2010, 2015, 2020, 2025. ಈಗ ನೋಡುವ ಆರ್‌ಸಿಯಲ್ಲಿ 2030ರವರೆಗೆ ಎಂದಿದ್ದರೆ ಸರಿ. ನಡುವೆ ಒಂದು ಕಂತು ತಪ್ಪಿದ್ದರೆ ತಡವಾದ ಪ್ರತಿ ತಿಂಗಳಿಗೂ ದಂಡ ಸೇರಿರುತ್ತದೆ, ಅದನ್ನು ಮಾರುವವನ ಬೆಲೆಯಿಂದ ಮೊದಲೇ ಕಳೆಯಿರಿ. ನವೀಕರಣಕ್ಕೆ ಫಾರಂ 25, ವರ್ಗಾವಣೆಗೆ 29 ಮತ್ತು 30. ನಮ್ಮ ಕಡೆ ಸೊಲ್ಲಾಪುರ, ಹೈದರಾಬಾದ್ ನಂಬರಿನ ಗಾಡಿಗಳು ಬಹಳ. ಅವಕ್ಕೆ ಹೊರರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಬಂದ ಮೇಲೆ ತೆರಿಗೆಯೂ ಉಂಟು. ಎನ್‌ಒಸಿ ಕೈಗೆ ಬರುವ ಮುಂಚೆ ಪೂರ್ತಿ ದುಡ್ಡು ಕೊಡಬೇಡಿ. ಕೆಎ 32 ಕಲಬುರಗಿ, 33 ಯಾದಗಿರಿ, 38 ಬೀದರ್, 39 ಭಾಲ್ಕಿ. ಈ ನಾಲ್ಕರಲ್ಲಿ ಯಾವುದಿದ್ದರೂ ಅರ್ಧ ತಲೆನೋವು ಕಡಿಮೆ.

ಆರ್‌ಸಿಯಲ್ಲಿ ಇಂಧನದ ಕಾಲಂ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಒಂದು ಕಾಲಕ್ಕೆ ಬುಲೆಟ್ಟಿಗೆ ಡೀಸೆಲ್ ಎಂಜಿನ್ ಕೂರಿಸುವ ಹುಚ್ಚು ಜೋರಾಗಿತ್ತು, ಕಂಪನಿಯೇ ಟಾರಸ್ ಎಂಬ ಡೀಸೆಲ್ ಬುಲೆಟ್ ಮಾರುತ್ತಿತ್ತು. ಈಗ ಅವುಗಳಿಂದ ಡೀಸೆಲ್ ಇಳಿಸಿ ಪೆಟ್ರೋಲ್ ಎಂಜಿನ್ ಕೂರಿಸಿ "ಸ್ಟ್ಯಾಂಡರ್ಡ್" ಎಂದು ಮಾರುತ್ತಾರೆ. ಎಂಜಿನ್ ಹಿಡಿದ ಪ್ಲೇಟುಗಳಲ್ಲಿ ಹೆಚ್ಚುವರಿ ತೂತು, ಫ್ರೇಮಿನ ಕೊಳವೆಯ ಮೇಲೆ ವೆಲ್ಡಿಂಗ್ ಗಂಟು, ಮಡ್‌ಗಾರ್ಡ್ ಕಾಲಿನ ಬುಡದಲ್ಲಿ ಬಿರುಕು ಕಂಡರೆ ಡೀಸೆಲ್ ನಡುಕ ತಿಂದ ಫ್ರೇಮು ಅದು. ಕಾಲಂನಲ್ಲಿ ಡೀಸೆಲ್ ಎಂದೇ ಇದ್ದು ಕೆಳಗೆ ಪೆಟ್ರೋಲ್ ಎಂಜಿನ್ ಇದ್ದರೆ ಎದ್ದು ಬನ್ನಿ.

ನಂಬರು ನೋಡುವಾಗ ಅವಸರ ಬೇಡ. ಛಾಸಿ ನಂಬರು ಹ್ಯಾಂಡಲ್ ಕೂರುವ ಫ್ರೇಮಿನ ಕುತ್ತಿಗೆಯಲ್ಲಿ, ಎಂಜಿನ್ ನಂಬರು ಸಿಲಿಂಡರಿನ ಬುಡದ ಕ್ರ್ಯಾಂಕ್‌ಕೇಸಿನ ಮೇಲೆ. ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಅಡ್ಡಡ್ಡ ತಿಕ್ಕಿ ಅಚ್ಚು ತೆಗೆಯಿರಿ. ಕಣ್ಣಿಗೆ ಕಾಣದ್ದು ಅಚ್ಚಿನಲ್ಲಿ ಕಾಣುತ್ತದೆ: ಒಂದು ಅಂಕಿ ಉಳಿದವಕ್ಕಿಂತ ಆಳ, ಸಾಲು ಓರೆ, ಅಂಕಿಯ ಸುತ್ತ ಗ್ರೈಂಡರ್ ಗೀರು. ಕುತ್ತಿಗೆಯ ಮೇಲೆ ಪೇಂಟು ದಪ್ಪಗಿದ್ದರೆ, ಅಂದರೆ ಪೇಂಟಿನ ಕೆಳಗೆ ಪುಟ್ಟಿ ಇದ್ದರೆ, ಕೆರೆಯಲು ಅನುಮತಿ ಕೇಳಿ. ಕೊಡದಿದ್ದರೆ ಉತ್ತರ ಸಿಕ್ಕಂತೆಯೇ.

ಗಾಡಿ ನೋಡಲು ಬೆಳಿಗ್ಗೆ ಹೋಗಿ, ನಾವು ಬರುವತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿರಿ. ಸಿಲಿಂಡರಿನ ಮೇಲೆ ಕೈಯಿಟ್ಟಾಗ ಬಿಸಿ ಇದ್ದರೆ ಮಾರುವವ ಮೊದಲೇ ಒದ್ದು ಒದ್ದು ಇಟ್ಟಿದ್ದಾನೆ ಎಂದರ್ಥ. ತಣ್ಣಗಿದ್ದರೆ ಮೊದಲು ಎಣ್ಣೆ. ಈ ಎಂಜಿನ್ನಿನಲ್ಲಿ ಆಯಿಲ್ ಟ್ಯಾಂಕು ಕ್ರ್ಯಾಂಕ್‌ಕೇಸಿನ ಹಿಂಭಾಗದಲ್ಲೇ ಇದೆ. ಪಂಪು ಸವೆದಿದ್ದರೆ ವಾರಗಟ್ಟಲೆ ನಿಂತಾಗ ಟ್ಯಾಂಕಿನ ಎಣ್ಣೆ ನಿಧಾನಕ್ಕೆ ಕ್ರ್ಯಾಂಕಿನ ಕಡೆ ಇಳಿಯುತ್ತದೆ. ಡಿಪ್‌ಸ್ಟಿಕ್ ಒಣಗಿರುತ್ತದೆ, ಗೊತ್ತಿಲ್ಲದವರು ಮೇಲಿಂದ ಇನ್ನೊಂದು ಲೀಟರ್ ಸುರಿಯುತ್ತಾರೆ. ಸ್ಟಾರ್ಟ್ ಮಾಡಿದಾಗ ಬೀದಿ ತುಂಬ ನೀಲಿ ಹೊಗೆ, ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರಿನಿಂದ ಎಣ್ಣೆಯ ಧಾರೆ. ಇದು ಪಿಸ್ಟನ್ ಹೋದದ್ದಲ್ಲ. ಕೆಳಗಿನ ಸಂಪ್ ಪ್ಲಗ್ ಬಿಚ್ಚಿ, ಒಂದು ರಾತ್ರಿ ನಿಂತ ಗಾಡಿಯಿಂದ ಒಂದು ಚಾ ಕಪ್ಪಿಗಿಂತ ಹೆಚ್ಚು ಎಣ್ಣೆ ಬಂದರೆ ಪಂಪಿನ ಕೆಲಸ ಇದೆ ಎಂದು ಲೆಕ್ಕ ಹಿಡಿಯಿರಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಮಾತ್ರ ಬೋರು, ಪಿಸ್ಟನ್, ವಾಲ್ವ್ ಗೈಡಿನ ಮಾತು.

ನಂತರ ಬಲಬದಿಯ ಟ್ಯಾಪೆಟ್ ಮುಚ್ಚಳ ತೆಗೆಯಿರಿ. ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರುವಾಗ ವಾಲ್ವ್ ತೆರೆಸುವ ಸರಳುಗಳಾದ ಎರಡೂ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಬಾರದು. ತಣ್ಣಗಿನ ಎಂಜಿನ್ನಿಗೆ ಗ್ಯಾಪ್ ಸೊನ್ನೆ, ಫೀಲರ್ ಗೇಜ್ ಬೇಕಿಲ್ಲ. ತಿರುಗದಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಎಕ್ಸಾಸ್ಟ್ ವಾಲ್ವ್ ಹೀಗೆ ಬಹಳ ದಿನ ಓಡಿದ್ದರೆ ಸುಟ್ಟಿರುತ್ತದೆ. ಇಲ್ಲಿ ನಟ್ಟುಗಳನ್ನೂ ನೋಡಿಬಿಡಿ. ಹಳೇ ಬುಲೆಟ್ಟಿನಲ್ಲಿ ಬ್ರಿಟಿಷ್ ಥ್ರೆಡ್ ಬಹಳ. ಅದಕ್ಕೆ ಮೆಟ್ರಿಕ್ ನಟ್ಟನ್ನು ಪಾನಾ ಜಗ್ಗಿ ಕೂರಿಸಿದ್ದರೆ ಮೂಲೆಗಳು ಉರುಟಾಗಿರುತ್ತವೆ, ಥ್ರೆಡ್ಡು ಪುಡಿಯಾಗಿರುತ್ತದೆ. ಒಂದು ಕಡೆ ಹೀಗಿದ್ದರೆ ಹತ್ತು ಕಡೆ ಇರುತ್ತದೆ.

ಈಗ ಕಿಕ್. ಕೀ ಹಾಕಿ ಹೆಡ್‌ಲೈಟಿನ ಮೇಲಿನ, ಬ್ಯಾಟರಿಯ ಕರೆಂಟು ತೋರಿಸುವ ಆಮ್ಮೀಟರ್ ನೋಡುತ್ತ ಕಿಕ್ಕರ್ ನಿಧಾನಕ್ಕೆ ಒತ್ತಿ. ಪಾಯಿಂಟ್ ಮುಚ್ಚಿರುವಾಗ ಮುಳ್ಳು ಮೈನಸ್ ಕಡೆ ವಾಲುತ್ತದೆ, ತೆರೆದ ಕ್ಷಣ ನಡುವಿಗೆ ಬರುತ್ತದೆ. ಎಷ್ಟು ತಿರುಗಿಸಿದರೂ ಮುಳ್ಳು ಅಲುಗದಿದ್ದರೆ ಪಾಯಿಂಟ್ ಕೊಳಕು, ಇಲ್ಲವೇ ಬ್ಯಾಟರಿ ಸತ್ತಿದೆ. ಕಂಪ್ರೆಷನ್ ಕಾಲಿಗೆ ತಾಗಿದಾಗ ಸಿಲಿಂಡರಿನ ಒತ್ತಡ ಬಿಡುವ ಎಡಗೈಯ ಡಿಕಂಪ್ರೆಸರ್ ಎಳೆದು, ಮುಳ್ಳು ನಡುವಿಗೆ ಬರುವಷ್ಟು ಮಾತ್ರ ದಾಟಿಸಿ, ಲಿವರ್ ಬಿಟ್ಟು, ಕಿಕ್ಕರ್ ಮೇಲೆ ತಂದು ಒಂದೇ ಉದ್ದ ಒದೆ. ಇದರಲ್ಲಿ ಬಲದ ಕೆಲಸವಿಲ್ಲ. ಸರಿಯಿರುವ ಗಾಡಿ ಎರಡು ಮೂರಕ್ಕೆ ಎದ್ದೇಳುತ್ತದೆ. ಕಿಕ್ ತಿರುಗಿ ಕಾಲಿಗೆ ಹೊಡೆದರೆ ಕಿಡಿಯ ಟೈಮಿಂಗ್ ಮುಂದಿದೆ, ಅಥವಾ ಡಿಸ್ಟ್ರಿಬ್ಯೂಟರಿನೊಳಗಿನ ಅಡ್ವಾನ್ಸ್ ಸ್ಪ್ರಿಂಗ್ ಸತ್ತು ತೂಕಗಳು ತೆರೆದೇ ನಿಂತಿವೆ.

ಗಾಡಿ ಓಡುತ್ತಿರುವಾಗ ಹೆಡ್ಡಿನ ಮೇಲೆ ರಾಕರಿಗೆ ಎಣ್ಣೆ ತರುವ ಬ್ಯಾಂಜೋ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ಒಂದು ನಿಮಿಷದೊಳಗೆ ಎಣ್ಣೆ ಜಿನುಗಬೇಕು. ಜಿನುಗದ ಗಾಡಿಯನ್ನು ಅಲ್ಲೇ ಆಫ್ ಮಾಡಿ. ಗೇರಿನಲ್ಲಿ ಒಂದನೆಯದು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಎರಡು, ಮೂರು, ನಾಲ್ಕು ಯಾವುದರಲ್ಲಿದ್ದರೂ ಹಿಮ್ಮಡಿಯ ನ್ಯೂಟ್ರಲ್ ಲಿವರ್ ಒಂದೇ ಒತ್ತಿಗೆ ನ್ಯೂಟ್ರಲ್ ಕೊಡಬೇಕು. ಮೂರರಿಂದ ಗೇರು ತಾನೇ ಜಾರಿದರೆ ಬಾಕ್ಸ್ ಬಿಚ್ಚುವ ಖರ್ಚು ಸೇರಿಸಿ.

ಬ್ಯಾಟರಿಯ ಮೇಲೆ 6 ವೋಲ್ಟ್ ಇದೆಯೋ 12 ಇದೆಯೋ ಕಣ್ಣಾರೆ ನೋಡಿ. ಆರ್‌ಸಿಯ ವರ್ಷ ನೋಡಿ ಊಹಿಸಬೇಡಿ, ಹಳೇ ಗಾಡಿಗಳ ವೈರಿಂಗನ್ನು ಮಂದಿ ತಮಗೆ ಬೇಕಾದಂತೆ ಬದಲಿಸಿರುತ್ತಾರೆ. 6 ವೋಲ್ಟಿನ ಹೆಡ್‌ಲೈಟಿನಲ್ಲಿ ರಾತ್ರಿ ಹುಮನಾಬಾದ್ ರಸ್ತೆಯಲ್ಲಿ ಓಡಿಸುವುದು ಲಾಟೀನು ಹಿಡಿದು ಹೋದಂತೆ. ನಾನು 12ಕ್ಕೇ ಅಂಟಿಕೊಂಡಿದ್ದೇನೆ.

ಕೊಂಡ ಮೇಲಿನ ಮೊದಲ ಕೆಲಸ ಎಣ್ಣೆ. ಎಂಜಿನ್ನಿಗೆ ಸುಮಾರು ಎರಡೂಕಾಲು ಲೀಟರ್ 20ಡಬ್ಲ್ಯೂ 50, ಕ್ಲಚ್ ಕೇಸಿಗೆ 420 ಮಿ.ಲೀ. ಪಾಯಿಂಟ್ ಗ್ಯಾಪು ಪೂರ್ತಿ ತೆರೆದಾಗ 0.35ರಿಂದ 0.40 ಮಿ.ಮೀ. ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಲು ಶುರುವಾಗಬೇಕು, ಅದೂ ಅಡ್ವಾನ್ಸ್ ತೂಕಗಳು ಒಳಗೆ ಮಡಚಿಕೊಂಡಿರುವಾಗ. ಪಾಯಿಂಟಿನ ನಡುವೆ ಬೆಣ್ಣೆಕಾಗದದ ಚೂರು ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಕಾಗದ ಜಾರಿದ ಜಾಗದಲ್ಲಿ ಬಿಗಿಮಾಡಿ. ಪ್ಲಗ್ಗಿನ ತೂತಿನಿಂದ ಸೈಕಲ್ ಸ್ಪೋಕ್ ಇಳಿಸಿ ಅಳೆಯುವವರಿದ್ದಾರೆ. ಆ ತೂತು ಓರೆ, ಅಳತೆ ಅಂದಾಜಿಗಷ್ಟೇ.

ಬೋರು ಮಾಡಿಸಬೇಕಾದರೆ ಬಿಚ್ಚಿದ ಪಿಸ್ಟನ್ನಿನ ತಲೆ ಒರೆಸಿ ನೋಡಿ, ಎಷ್ಟನೇ ಓವರ್‌ಸೈಜ್ ಎಂಬ ಅಂಕಿ ಅಲ್ಲಿರುತ್ತದೆ. ಕೊನೆಯ ಸೈಜು ಮುಗಿದಿದ್ದರೆ ಸಿಲಿಂಡರಿನೊಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸಬೇಕು. ಹೊಸ ಪಿಸ್ಟನ್ ಮೊದಲು ಕೊಳ್ಳಿ, ಅದನ್ನು ಲೇಥಿನವನ ಕೈಯಲ್ಲಿಟ್ಟು ಅದರ ಅಳತೆಗೆ ಬೋರು ಕೊರೆಸಿ. ಬೋರು ಮುಗಿಸಿ ಆಮೇಲೆ ಪಿಸ್ಟನ್ ಹುಡುಕುವುದು ಉಲ್ಟಾ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸ ಮಾಡಿಸಲೇಬೇಡಿ. ನಮ್ಮ 42 ಡಿಗ್ರಿ ಬಿಸಿಲಿನಲ್ಲಿ ಹೊಸ ಬೋರಿನ ಕಬ್ಬಿಣದ ಸಿಲಿಂಡರು ಜಗತ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ಕುದಿಯುತ್ತದೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿಯುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಮಾಡಿಸಿ, ಮೊದಲ 500 ಕಿ.ಮೀ. 50ರ ಒಳಗೆ ಓಡಿಸಿ, ಆಗ ಎಣ್ಣೆ ಬದಲಿಸಿ.

ಪೆಟ್ರೋಲಿನಲ್ಲಿ ಈಗ 20 ಪಾಲು ಎಥೆನಾಲ್. 1995ರ ರಬ್ಬರ್ ಪೈಪು, ಟ್ಯಾಪಿನ ವಾಷರು ಅದಕ್ಕೆ ಮಾಡಿದವಲ್ಲ, ಉಬ್ಬಿ ಸೋರುತ್ತವೆ. ಎಥೆನಾಲ್ ನೀರು ಹೀರುವುದರಿಂದ ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ಪೈಪು ಬದಲಿಸಿ, ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟ್ಯಾಪ್ ಮುಚ್ಚಿ ಕಾರ್ಬ್ಯುರೇಟರ್ ಖಾಲಿಯಾಗುವತನಕ ಓಡಿಸಿ ಆಫ್ ಮಾಡಿ. ಪ್ಲಗ್ಗಿನ ತುದಿ ಬೆಳ್ಳಗೆ ಸುಟ್ಟಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿ. ಹಾಕುವ ಮುಂಚೆ ಏರ್ ಫಿಲ್ಟರ್ ಒಳಗೆ ನೋಡಿ. ಸೇಡಂ, ವಾಡಿ, ಶಹಾಬಾದ್ ಕಡೆ ಓಡುವ ಗಾಡಿಯಲ್ಲಿ ಸಿಮೆಂಟು, ಫರಸಿಯ ಬಿಳಿ ದೂಳು ಫಿಲ್ಟರಿಗೆ ಹಿಟ್ಟಿನಂತೆ ಮೆತ್ತಿರುತ್ತದೆ. ಅಂಥ ಫಿಲ್ಟರು ಇಟ್ಟುಕೊಂಡು ಜೆಟ್ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ. ಫಿಲ್ಟರ್ ಕಿತ್ತು ಬಿಸಾಕಿ ಬರೀ ಬಾಯಿ ಬಿಟ್ಟು ಓಡಿಸಿದ ಗಾಡಿ ಸಿಕ್ಕರೆ, ಅದು 1995ರದ್ದಿರಲಿ 1965ರದ್ದಿರಲಿ, ಬೋರಿನ ಖರ್ಚು ಹಿಡಿದೇ ಬೆಲೆ ಹೇಳಿ.