ಸಂಜೆ ಐದರ ಮೇಲೆ ನಮ್ಮ ಮಕ್ಕಳು ಎಲ್ಲಿರ್ತಾರೆ? – ನನ್ನ ಅನುಭವ

2022ರ ಆಗಸ್ಟ್ 15. ಪಂಚಾಯಿತಿ ಮುಂದೆ ಬಾವುಟ ಹಾರಿಸಿ ಆಗಿತ್ತು, ಎಲ್ಲರಿಗೂ ಲಾಡು ಹಂಚುತ್ತಿದ್ದೆವು. ನಾನು ಚನ್ನಗಿರಿ ತಾಲ್ಲೂಕಿನ ಒಂದು ಊರಿನ ಗ್ರಂಥಾಲಯದ ಮೇಲ್ವಿಚಾರಕಿ, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ದಿನಾ ಪೇಪರ್ ಓದಲು ಬರುತ್ತಿದ್ದ ಹುಡುಗನೊಬ್ಬ, ಹದಿನೇಳು ವರ್ಷ ಇರಬಹುದು, ಲಾಡು ತಗೊಂಡು ಗೋಡೆ ಕಡೆ ತಿರುಗಿ ನಿಂತ. ಅದನ್ನು ಅಂಗೈಯಲ್ಲಿ ಪುಡಿ ಮಾಡಿಕೊಂಡು, ಚೂರು ಚೂರಾಗಿ ಎರಡು ಬೆರಳಿನಿಂದ ತುಟಿ ಸಂದಿಯಲ್ಲಿ ಒಳಗೆ ತಳ್ಳುತ್ತಿದ್ದ. ಯಾಕೋ ಹಾಗೆ ತಿಂತೀಯಾ ಅಂದೆ. ನಕ್ಕ. ನಗುವಾಗಲೂ ಬಾಯಿ ತೆರೆಯಲಿಲ್ಲ. ಒಂದ್ಸಲ ಆ ಅನ್ನು ನೋಡೋಣ ಅಂದೆ. ಎಲ್ಲರಿಗೂ ಅವರವರದೇ ಮೂರು ಬೆರಳು ಬಾಯಲ್ಲಿ ಹಿಡಿಯಬೇಕು. ಅವನಿಗೆ ಎರಡೂ ಹಿಡಿಯುತ್ತಿರಲಿಲ್ಲ.

ಹೊಟ್ಟೆಯೊಳಗೆ ಚುರುಕ್ ಅಂತು. ಒಂದು ವರ್ಷದಿಂದ ನನ್ನ ಎದುರಿಗೇ ಕೂತು ಓದುತ್ತಿದ್ದ ಹುಡುಗ ಅವನು.

ಜಗಿದು ಜಗಿದು ಅವನ ಬಾಯಿ ಬಿಗಿದುಹೋಗಿತ್ತು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಗಿದೆ. ಆದರೆ ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡನ್ನೂ ಹರಿದು ಬೆರೆಸಿಕೊಂಡರೆ ಮತ್ತದೇ. ತಂಬಾಕು ಬಿಟ್ಟು ಬರೀ ಅಡಿಕೆ ಜಗಿದರೂ ಬಾಯಿಯ ಒಳಚರ್ಮ ಬಿಗಿಯುತ್ತಾ ಹೋಗುತ್ತೆ. ಅಡಿಕೆಯಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಇದನ್ನು ನಮ್ಮೂರಲ್ಲಿ ಬಾಯಿ ಬಿಟ್ಟು ಹೇಳೋದು ಸುಲಭ ಅಲ್ಲ. ನಮ್ಮದು ಅಡಿಕೆ ಸೀಮೆ. ನಮ್ಮ ಮನೆ ಒಲೆ ಉರಿಯೋದೂ ಅಡಿಕೆಯಿಂದಲೇ, ನನ್ನ ಮಗಳ ಫೀಸು ಕಟ್ಟಿದ್ದೂ ಅಡಿಕೆ ದುಡ್ಡಲ್ಲೇ. ಹಾಗಾಗಿ ಅಡಿಕೆಯನ್ನು ಬಯ್ಯುತ್ತಾ ಕೂರಲು ನನಗೆ ಆಗುತ್ತಿರಲಿಲ್ಲ. ಆ ಹುಡುಗನ ಬಾಯಿ ಮರೆಯಲೂ ಆಗಲಿಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಅಕ್ಟೋಬರ್ 2ಕ್ಕೆ ಜಾಗೃತಿ ಕಾರ್ಯಕ್ರಮ. ಶಾಮಿಯಾನ, ಬ್ಯಾನರ್, ಮೈಕ್. ಡಾಕ್ಟರು ಬಂದರು, ಪೊಲೀಸರು ಬಂದರು, ಊರ ಮುಖಂಡರು ಬಂದರು. ಎರಡೂವರೆ ಗಂಟೆ ಭಾಷಣ. ಹುಣ್ಣಾದ ಬಾಯಿಗಳ ಫೋಟೋ ತೋರಿಸಿದಾಗ ಸಣ್ಣ ಮಕ್ಕಳು ಕಣ್ಣು ಮುಚ್ಚಿಕೊಂಡವು. ಕೊನೆಗೆ ಎಲ್ಲರ ಕೈಲೂ ಪ್ರಮಾಣ ಮಾಡಿಸಿದೆವು. ಸಂಜೆ ಕುರ್ಚಿ ಎತ್ತಿಡುವಾಗ ನೋಡಿದರೆ ಹಿಂದಿನ ಸಾಲಿನ ಕೆಳಗೆಲ್ಲ ಹರಿದ ಪೊಟ್ಟಣ. ಆ ಸಾಲಲ್ಲಿ ಹುಡುಗರು ಮಾತ್ರ ಅಲ್ಲ, ಅವರ ಅಪ್ಪಂದಿರು, ಚಿಕ್ಕಪ್ಪಂದಿರೂ ಕೂತಿದ್ದರು.

ಕಸ ಗುಡಿಸುತ್ತಾ ನಮ್ಮ ಆಶಾ ಕಾರ್ಯಕರ್ತೆ ಒಂದು ಮಾತು ಅಂದರು. "ನಾವು ಹೇಳಿದ್ದೇ ಹೇಳಿದ್ದು. ಅವರನ್ನ ಏನಾದ್ರೂ ಕೇಳಿದ್ವಾ?"

ಆಮೇಲೆ ಶುರು ಮಾಡಿದ್ದು ಚೀಟಿ ಕೆಲಸ. ಹೈಸ್ಕೂಲು, ಪಿಯು ಮಕ್ಕಳು, ಓದು ಬಿಟ್ಟವರು, ಎಲ್ಲರಿಗೂ ಒಂದೊಂದು ಚೀಟಿ. ಹೆಸರು ಬರೆಯಬೇಡಿ ಅಂತ ಮೊದಲೇ ಹೇಳಿದ್ದೆವು. ಮೂರೇ ಪ್ರಶ್ನೆ. ಸಂಜೆ ಐದರಿಂದ ಒಂಬತ್ತರವರೆಗೆ ಎಲ್ಲಿರ್ತೀಯಾ? ಊರಲ್ಲಿ ಏನಿದ್ದರೆ ಚೆನ್ನಾಗಿರ್ತಿತ್ತು? ಕಷ್ಟ ಬಂದರೆ ಅಪ್ಪ ಅಮ್ಮನ್ನ ಬಿಟ್ಟು ಊರಲ್ಲಿ ಯಾರ ಹತ್ರ ಹೇಳ್ಕೋತೀಯಾ? ಲೈಬ್ರರಿಯಲ್ಲಿ ಒಂದು ಡಬ್ಬ ಇಟ್ಟೆ, ಒಂದು ವಾರ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ಪ್ರಶ್ನೆಗೆ ಹುಡುಗರು ಬರೆದದ್ದು ನಾಲೆ ಏರಿ, ಶಾಲೆ ಹಿಂದೆ, ಬಸ್ ಸ್ಟ್ಯಾಂಡು, ಅಡಿಕೆ ಮನೆ. ಹುಡುಗಿಯರದ್ದು ಹೆಚ್ಚುಕಮ್ಮಿ ಎಲ್ಲವೂ ಒಂದೇ ಪದ, ಮನೆ. ಮೂರನೇ ಪ್ರಶ್ನೆಗೆ ಅರ್ಧಕ್ಕಿಂತ ಜಾಸ್ತಿ ಚೀಟಿ ಖಾಲಿ. ಒಂದರಲ್ಲಿ ಮಾತ್ರ ದುಂಡಗಿನ ಅಕ್ಷರದಲ್ಲಿ "ನಮ್ಮ ಎಮ್ಮೆ" ಅಂತ ಬರೆದಿತ್ತು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ತಮಾಷೆಗೆ ಬರೆದಿದ್ದಾರೆ ಅಂತ ಕೆಲವರು ಅಂದರು, ನನಗೆ ಹಾಗೆ ಅನ್ನಿಸಲಿಲ್ಲ. ಸಂಜೆ ಹಾಲು ಕರೆಯುವಾಗ ಅದರ ಪಕ್ಕ ಕೂತು ಮಾತಾಡುವ ಮಗು ಯಾವುದೋ ಇದೆ ಅಂತಲೇ ಅನ್ನಿಸಿತು.

ನಮ್ಮಂಥ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಅಂತೀವಿ ಅಲ್ವಾ. ನಿಜ, ಹುಡುಗ ತಪ್ಪು ಮಾಡಿದಾಗ "ಯಾರ ಮಗನೋ ನೀನು" ಅಂತ ಗದರೋರು ಊರು ತುಂಬ ಇದ್ದಾರೆ. ಆದರೆ "ಯಾಕೋ ಸಪ್ಪಗಿದ್ದೀಯಾ" ಅಂತ ಕೇಳೋರು ಎಷ್ಟು ಜನ? ಆ ಖಾಲಿ ಚೀಟಿಗಳನ್ನು ನೋಡಿದ ಮೇಲೆ ನನ್ನ ಯೋಚನೆಯೇ ಬದಲಾಯಿತು. ಪ್ರತಿ ಮಗುವಿಗೂ ಮನೆಯವರನ್ನು ಬಿಟ್ಟು ಊರಲ್ಲಿ ಒಬ್ಬ ದೊಡ್ಡವರು ಇರಬೇಕು, ಸಂಜೆ ಹೊತ್ತು ಇರಲು ಒಂದು ಜಾಗ ಬೇಕು. ಪೊಟ್ಟಣದ ಮಾತು ಆಮೇಲೆ.

ಸಭೆಯನ್ನು ಪಂಚಾಯಿತಿ ಆಫೀಸಲ್ಲಿ ಕರೆಯಲಿಲ್ಲ. ಅಲ್ಲಿ ಕರೆದರೆ ಮೆಂಬರುಗಳು ಕುರ್ಚಿ ಮೇಲೆ, ಉಳಿದವರು ಬಾಗಿಲಲ್ಲಿ. ಅರಳಿಕಟ್ಟೆಯಲ್ಲಿ ಕರೆದೆವು, ಕರೆಯುವ ಮೊದಲು ಎರಡು ವಾರ ಮನೆ ಮನೆ ಸುತ್ತಿದೆ. "ಊರ ಉಸಾಬರಿ ನಿನಗ್ಯಾಕಮ್ಮ" ಅಂತ ಸುಮಾರು ಕಡೆ ಕೇಳಿದರು. ಸಂಘದ ಹೆಂಗಸರು ಮೊದಲು ಬಂದರು. ದೇವಸ್ಥಾನದ ಕಮಿಟಿಯವರು, ಮಸೀದಿ ಕಮಿಟಿಯವರು, ಪಿಇ ಮೇಷ್ಟ್ರು, ತೋಟದ ಅಡಿಕೆ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರಲ್ಲಿ ಇಬ್ಬರು, ಅಂಗಡಿಯವರು, ವಾಲಿಬಾಲ್ ಆಡುವ ನಾಲ್ಕು ಹುಡುಗರು. ಹುಡುಗರಿಲ್ಲದ ಸಭೆ ಬೇಡ ಅಂತ ಹಟ ಹಿಡಿದಿದ್ದೆ. ನಾನು ಏನೂ ಭಾಷಣ ಮಾಡಲಿಲ್ಲ, ಚೀಟಿಗಳನ್ನು ಒಂದೊಂದಾಗಿ ಓದಿದೆ ಅಷ್ಟೇ. ಖಾಲಿ ಚೀಟಿ ಬಂದಾಗ "ಖಾಲಿ" ಅಂದೆ. ಖಾಲಿ, ಖಾಲಿ, ಖಾಲಿ ಅಂತ ಹೋಗುತ್ತಾ ಕಟ್ಟೆ ಮೇಲೆ ಮಾತೇ ನಿಂತು ಹೋಯಿತು.

ಎರಡನೇ ಪ್ರಶ್ನೆಗೆ ತುಂಬ ಜನ ಮೈದಾನ ಅಂತ ಬರೆದಿದ್ದರು. ಮೈದಾನ ಇತ್ತು, ಹೈಸ್ಕೂಲಿಂದು. ನಾಲ್ಕೂವರೆಗೆ ಗೇಟಿಗೆ ಬೀಗ. ಹೆಡ್ ಮೇಷ್ಟ್ರದ್ದೂ ತಪ್ಪಲ್ಲ, ಹಿಂದೆ ಕಿಟಕಿ ಒಡೆದಿದ್ದರು, ನಲ್ಲಿ ಕಿತ್ತುಕೊಂಡು ಹೋಗಿದ್ದರು, ಉತ್ತರ ಕೊಡಬೇಕಾದವರು ಅವರೇ. ಈ ಒಂದು ಬೀಗದ ಕೈಗಾಗಿ ಎರಡು ತಿಂಗಳು ಓಡಾಡಿದ್ದೇವೆ. ಕೊನೆಗೆ ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಬರವಣಿಗೆಯಲ್ಲೇ ಒಪ್ಪಿಗೆ ಆಯಿತು: ಸಂಜೆ ಐದರಿಂದ ಎಂಟರವರೆಗೆ ಗೇಟು ತೆರೆದಿರುತ್ತೆ, ಬೀಗದ ಕೈ ವಾರಕ್ಕೊಬ್ಬರ ಹತ್ತಿರ ಇರುತ್ತೆ, ಏನೇ ಮುರಿದರೂ ಆ ವಾರದವರು ಮತ್ತು ಹುಡುಗರು ಸೇರಿ ಸರಿ ಮಾಡಿಸಬೇಕು. ಪಂಚಾಯಿತಿಯಿಂದ ಎರಡು ಲೈಟು ಹಾಕಿಸಿದರು. ಮೊದಲ ವಾರದ ಬೀಗದ ಕೈಯನ್ನು ಪಿಇ ಮೇಷ್ಟ್ರು ಯಾರಿಗೆ ಕೊಟ್ಟರು ಗೊತ್ತಾ? ಹಿಂದೆ ಕಿಟಕಿ ಒಡೆದಿದ್ದ ಗುಂಪಿನ ಹುಡುಗನಿಗೆ, ಒಬ್ಬ ನಿವೃತ್ತ ಲೈನ್‌ಮನ್ ಜೊತೆ ಜೋಡಿ ಮಾಡಿ. ನನಗೆ ಒಳಗೊಳಗೇ ಭಯ ಇತ್ತು. ಅವನು ಆ ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ಓಡಾಡಿದ. ನಾಲ್ಕು ಮುಕ್ಕಾಲಿಗೇ ಗೇಟಿನ ಹತ್ತಿರ ನಿಂತಿರುತ್ತಿದ್ದ.

ಹುಡುಗಿಯರ ವಿಷಯ ನಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ. ಮೈದಾನ ತೆರೆದು ತಿಂಗಳಾದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಲೈಬ್ರರಿಗೆ ಬಂದು, "ಟೀಚರ್, ಊರಿನ ಮಕ್ಕಳು ಅಂದ್ರೆ ಗಂಡು ಮಕ್ಕಳು ಮಾತ್ರನಾ?" ಅಂದಳು. ತಲೆ ತಗ್ಗಿಸುವ ಹಾಗಾಯಿತು. ಬುಧವಾರ ಮತ್ತು ಭಾನುವಾರ ಥ್ರೋಬಾಲ್ ಅವರಿಗೆ ಅಂತ ಮಾಡಿದೆವು. ಕಳಿಸೋಕೆ ತಾಯಂದಿರು ಹೆದರಿದರು. ಹಾಗಾದರೆ ನೀವೂ ಬನ್ನಿ ಅಂದೆವು. ಸುಗ್ಗಿ ಬಂದಾಗ ಕೆಲವರು ಸುಲಿಯುವ ಕತ್ತಿ, ಅಡಿಕೆ ಚೀಲ ತಂದು ಮೈದಾನದ ಅಂಚಲ್ಲೇ ಕೂತರು. ಕೈ ಕೆಲಸ ಕೈಗೆ, ಕಣ್ಣು ಆಟದ ಮೇಲೆ. ಆ ಹೆಂಗಸರು ಅಲ್ಲಿ ಕೂತ ಮೇಲೆ ಶಾಲೆ ಹಿಂದಿನ ಜಾಗದಲ್ಲಿ ಪೊಟ್ಟಣ ಬೀಳೋದು ತಾನಾಗೇ ಕಮ್ಮಿ ಆಯಿತು. ಯಾರೂ ಯಾರನ್ನೂ ಬೈಯಲಿಲ್ಲ.

ಅಂಗಡಿಯವರ ವಿಷಯ ಕಷ್ಟದ್ದು. ಕಾನೂನು ಇದೆ. ಮಕ್ಕಳಿಗೆ ತಂಬಾಕು, ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ತಂಬಾಕು ಮಾರಲು ಇದ್ದ 18ರ ವಯಸ್ಸಿನ ಮಿತಿಯನ್ನು ಈಗ ನಮ್ಮ ರಾಜ್ಯದಲ್ಲಿ 21ಕ್ಕೆ ಏರಿಸಿದ್ದಾರೆ. ಆದರೆ ಕಾನೂನನ್ನು ಮೊದಲೇ ಮುಂದಿಟ್ಟರೆ ಅಂಗಡಿಯವರು ಎದುರಾಳಿ ಆಗ್ತಾರೆ, ಮಾಲು ಕೌಂಟರಿನಿಂದ ಕೆಳಗೆ ಹೋಗುತ್ತೆ ಅಷ್ಟೇ. ಒಬ್ಬೊಬ್ಬರ ಹತ್ತಿರ ಹೋದಾಗ ಎಲ್ಲರದ್ದೂ ಒಂದೇ ಮಾತು, "ನಾನು ಕೊಡದಿದ್ರೆ ಪಕ್ಕದೋನು ಕೊಡ್ತಾನೆ." ಅದಕ್ಕೇ ಐದೂ ಅಂಗಡಿಯವರನ್ನು ಒಂದೇ ದಿನ, ಒಂದೇ ಕಡೆ ಕೂರಿಸಿದೆವು. ಪಕ್ಕದೋನು ಪಕ್ಕದಲ್ಲೇ ಕೂತಿದ್ದ. ಶಾಲೆ ಮಕ್ಕಳಿಗೆ ಯಾರೂ ಕೊಡಲ್ಲ, "ಅಪ್ಪನಿಗೆ ಬೇಕಂತೆ" ಅಂತ ಬಂದರೂ ಕೊಡಲ್ಲ, ಅಪ್ಪನೇ ಬರಲಿ. ಸಂಘದವರು ಶೇಂಗಾ ಚಿಕ್ಕಿ, ಚಕ್ಕುಲಿ ಮಾಡಿ ಅದೇ ಅಂಗಡಿಗಳಿಗೆ ಹಾಕಲು ಶುರು ಮಾಡಿದರು. ಆಗಿದ್ದ ನಷ್ಟ ಪೂರ್ತಿ ತುಂಬಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೂರು ತಿಂಗಳಿಗೆ ಒಬ್ಬರು ಮಾತು ತಪ್ಪಿದರು. ಪೊಲೀಸರಿಗೆ ಹೇಳುವ ಮೊದಲು ಉಳಿದ ನಾಲ್ಕು ಅಂಗಡಿಯವರೇ ಅವರ ಮನೆಗೆ ಹೋಗಿ ಕೂತರು. ಅದು ನಾವು ಹೋಗಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು.

ಸುಗ್ಗಿಯ ದುಡ್ಡಿಗೂ ಒಂದು ದಾರಿ ಬೇಕಿತ್ತು. ಆಗಸ್ಟಿನಿಂದ ಡಿಸೆಂಬರ್‌ವರೆಗೆ ಅಡಿಕೆ ಇಳಿಸೋದು, ಸುಲಿಯೋದು, ಬೇಯಿಸೋದು, ಒಣಗಿಸೋದು ಅಂತ ಹುಡುಗರ ಕೈಗೆ ನಗದು ಬರುತ್ತೆ. ಕೆಲಸದ ಜಾಗದಲ್ಲೇ ಪೊಟ್ಟಣ, ರಾತ್ರಿ ಮೊಬೈಲಲ್ಲಿ ದುಡ್ಡಿನ ಆಟ. ಆನ್‌ಲೈನ್ ದುಡ್ಡಿನ ಆಟಕ್ಕೆ 2025ರ ಆಗಸ್ಟ್‌ನಲ್ಲಿ ಕಾನೂನು ಬಂತು, ಅಷ್ಟರಲ್ಲಿ ನಮ್ಮೂರ ಇಬ್ಬರು ಹುಡುಗರು ಒಂದಿಡೀ ಸುಗ್ಗಿಯ ಕೂಲಿ ಕಳೆದುಕೊಂಡಾಗಿತ್ತು. ಸಭೆಗೆ ಬಂದಿದ್ದ ಇಬ್ಬರು ಖೇಣಿದಾರರು ಎರಡು ವಿಷಯ ಒಪ್ಪಿದರು. ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಕರೆಯಲ್ಲ. ಹದಿನೆಂಟರ ಒಳಗಿನವರ ಕೂಲಿಯಲ್ಲಿ ಅರ್ಧ ನೇರ ಅವರದೇ ಬ್ಯಾಂಕ್ ಖಾತೆಗೆ. ಉಳಿದ ಖೇಣಿದಾರರು ಇನ್ನೂ ಒಪ್ಪಿಲ್ಲ.

ಒಂದು ತಪ್ಪು ನನ್ನಿಂದಲೇ ಆಯಿತು. ಕಟ್ಟೆ ಸಭೆಯೊಂದರಲ್ಲಿ, ಸಹಾಯ ಆಗಲಿ ಅಂತಲೇ, ಒಬ್ಬ ಹುಡುಗನ ಹೆಸರು ಹೇಳಿ ಇವನಿಗೆ ಏನಾದರೂ ಮಾಡೋಣ ಅಂದುಬಿಟ್ಟೆ. ಸಂಜೆಯೊಳಗೆ ಅವನ ಮನೆಗೆ ಸುದ್ದಿ ಮುಟ್ಟಿ, ಅಪ್ಪ ಬಾರುಕೋಲು ತಗೊಂಡರು. ಅವನು ಆರು ತಿಂಗಳು ನನ್ನ ಲೈಬ್ರರಿ ಮೆಟ್ಟಿಲು ಹತ್ತಲಿಲ್ಲ. ಅವನ ಮನೆಗೆ ಹೋಗಿ ಅವನ ಎದುರಿಗೇ ತಪ್ಪಾಯ್ತು ಅಂದೆ. ಆವತ್ತಿನಿಂದ ಸಭೆಯಲ್ಲಿ ಮಕ್ಕಳ ಹೆಸರು ತೆಗೆಯುವ ಹಾಗಿಲ್ಲ. ಜಾಗ, ಹೊತ್ತು, ತೊಂದರೆ ಇಷ್ಟೇ ಮಾತಾಡಬೇಕು. ಹೆಸರಿನ ಮಾತು ಆ ಮಗು ನಂಬುವ ಒಬ್ಬ ದೊಡ್ಡವರ ಹತ್ತಿರ ಮಾತ್ರ. ಮನಸ್ಸಿನ ಕಷ್ಟ ಜಾಸ್ತಿ ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರ ಜೊತೆ ಕೂತು ಫೋನ್ ಮಾಡಿಸ್ತೀವಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮಕ್ಕಳಿಗೆ ಅಪಾಯ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರನ್ನು ಲೈಬ್ರರಿ ಒಳಗಿನ ಗೋಡೆಗೆ ದೊಡ್ಡದಾಗಿ ಬರೆಸಿದ್ದೇನೆ. ಸುಮ್ನೆ ಪುಸ್ತಕ ಹುಡುಕುವ ಹಾಗೆ ನಿಂತು ಬರ್ಕೊಂಡು ಹೋಗೋ ಮಕ್ಕಳನ್ನು ನೋಡಿದ್ದೇನೆ.

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೆನಪಿರಬಹುದು. ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾದಲ್ಲಿ ಕಣ್ಣಿಡುವ ವೆಬ್‌ಕಾಸ್ಟಿಂಗ್ ಬಂದ ವರ್ಷ. ಹಿಂದಿನ ವರ್ಷ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ನಮ್ಮ ಊರಲ್ಲೂ ತುಂಬ ಮಕ್ಕಳು ಫೇಲಾದರು. ಹುಡುಗರು ನಾಲೆ ಏರಿ ಹಿಡಿಯೋದು, ಹುಡುಗಿಯರಿಗೆ ಗಂಡು ನೋಡೋಕೆ ಶುರುವಾಗೋದು ಈ ಹೊತ್ತಲ್ಲೇ. ಹಾಗಾಗಿ ಫಲಿತಾಂಶ ಬಂದ ಸಂಜೆಯೇ ನಾವು ಜೋಡಿ ಜೋಡಿಯಾಗಿ ಫೇಲಾದವರ ಮನೆಗೆ ಹೋದೆವು. ಬುದ್ಧಿ ಹೇಳೋಕಲ್ಲ. ಆ ವರ್ಷದಿಂದ ಮೂರು ಪರೀಕ್ಷೆ ಇರೋದರಿಂದ ಎರಡನೇ ಪರೀಕ್ಷೆಗೆ ಅರ್ಜಿ ಹೇಗೆ, ಫೀಸು ಎಷ್ಟು, ಯಾವ ವಿಷಯ ಯಾರು ಹೇಳಿಕೊಡ್ತಾರೆ ಅನ್ನೋದನ್ನು ಹೇಳೋಕೆ. ಗಣಿತಕ್ಕೆ ಊರಿನದೇ ಇಂಜಿನಿಯರಿಂಗ್ ಓದುವ ಹುಡುಗಿ, ಇಂಗ್ಲಿಷಿಗೆ ಮಸೀದಿ ಕಮಿಟಿಯವರ ಮಗ. ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿತ್ತು. ಎಲ್ಲರೂ ಪಾಸಾಗಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಒಬ್ಬ ಹುಡುಗಿಯ ಮದುವೆ ಮಾತೂ ಮುಂದೆ ಹೋಗಲಿಲ್ಲ.

ಮಕ್ಕಳು ನಮ್ಮನ್ನೂ ಬಿಡಲಿಲ್ಲ. 2023ರ ನವೆಂಬರಿನ ಮಕ್ಕಳ ಗ್ರಾಮ ಸಭೆಯಲ್ಲಿ ಏಳನೇ ಕ್ಲಾಸಿನವನೊಬ್ಬ ಎದ್ದು ನಿಂತು, "ಗಣಪತಿ ಬಿಡೋ ದಿನ ದೊಡ್ಡೋರೆಲ್ಲ ಕುಡಿದು ಕುಣೀತೀರಲ್ಲ, ನಮಗೆ ಹೇಳ್ತೀರಲ್ಲ" ಅಂದ. ಗಣಪತಿ ಕಮಿಟಿಯವರೂ ಅಲ್ಲೇ ಇದ್ದರು. ಯಾರೂ ಅವನನ್ನು ಕೂರಿಸಲಿಲ್ಲ, ಅದು ನನಗೆ ಸಮಾಧಾನ. ಮುಂದಿನ ವರ್ಷ ಡಿಜೆ ಬಿಟ್ಟು ಡೊಳ್ಳು ತಂದರು, ಕುಡಿದವರು ಗಣಪತಿ ಗಾಡಿ ಮುಟ್ಟೋ ಹಾಗಿಲ್ಲ ಅಂತ ಮಾಡಿದರು. ಡೊಳ್ಳು ಬಾರಿಸಿದ್ದು ಮೈದಾನದ ಹುಡುಗರು. ಅದರಲ್ಲಿ ಕೊರಳಿಗೆ ಬೀಗದ ಕೈ ಹಾಕಿಕೊಂಡವನೂ ಇದ್ದ.

ಲಾಡು ತಿನ್ನಲಾಗದ ಹುಡುಗನನ್ನು ಆವತ್ತಿನಿಂದ ಒಂದು ವಾರದೊಳಗೇ ದಾವಣಗೆರೆಗೆ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಪೂರ್ತಿ ಮೊದಲಿನ ಹಾಗೆ ಆಗಲ್ಲ, ಆದರೆ ಜಗಿಯೋದು ನಿಲ್ಲಿಸಿದರೆ ಅಲ್ಲಿಗೆ ತಡೆಯಬಹುದು, ವ್ಯಾಯಾಮ ಮಾಡಿದರೆ ಬಾಯಿ ಸ್ವಲ್ಪ ತೆರೆಯಬಹುದು ಅಂದರು ಡಾಕ್ಟರು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ಮಧ್ಯೆ ಇಟ್ಟುಕೊಳ್ಳಬೇಕು, ಸರಿಹೋದ ಹಾಗೆ ಒಂದೊಂದು ಸೇರಿಸುತ್ತಾ ಹೋಗಬೇಕು. ಮನೆಯಲ್ಲಿ ನಾಚಿಕೆ ಅಂತ ಅವನು ಲೈಬ್ರರಿಗೇ ಬಂದು ಮಾಡುತ್ತಿದ್ದ. ಎರಡು ಸಲ ಮತ್ತೆ ಜಗಿಯೋಕೆ ಶುರು ಮಾಡಿದ, ಎರಡು ಸಲವೂ ತಾನೇ ಬಂದು ಹೇಳಿದ. ನನ್ನ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಆ ಕಡ್ಡಿ ಕಟ್ಟು ಈಗಲೂ ಇದೆ. ಶುರುವಿನಲ್ಲಿ ಹತ್ತು ಕಡ್ಡಿ ಇತ್ತು. ಕಳೆದ ತಿಂಗಳು ಬಂದು ಹದಿನೈದನೆಯದು ಸೇರಿಸಿದ, ಜೊತೆಗೆ ಒಬ್ಬ ಚಿಕ್ಕ ಹುಡುಗನನ್ನು ಕರೆತಂದಿದ್ದ. "ಟೀಚರ್, ಇವನ ಬಾಯಿ ನೋಡಿ ಸ್ವಲ್ಪ" ಅಂದ.