ಇನ್‌ಹೇಲರ್ ಜಾಸ್ತಿ ಎಳೆದುಬಿಟ್ಟಿರಾ? ಮೊದಲು ಉಸಿರು ನೋಡಿ

ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು ನಾನು. ಮಳೆಗಾಲ ಬಂತೆಂದರೆ ಆಸ್ತಮಾದವರಿಂದ ಇಂಥ ಫೋನು ಬಂದೇ ಬರುತ್ತದೆ: "ಅಸ್ತಾಲಿನ್ ಆರೇಳು ಸಲ ಎಳೆದುಬಿಟ್ಟೆ, ಕೈ ನಡುಗ್ತಿದೆ, ಎದೆ ಡವಡವ ಅಂತಿದೆ." ಅಸ್ತಾಲಿನ್ ಅಂದರೆ ಉಸಿರು ಕಟ್ಟಿದಾಗ ಎಳೆಯುವ ಇನ್‌ಹೇಲರ್. ನಾನು ಮೊದಲು ಕೇಳುವುದು, ಉಸಿರು ಸಲೀಸಾಯಿತಾ ಇಲ್ಲವಾ ಅಂತ.

ಸಲೀಸಾಗಿದ್ದರೆ ಇನ್‌ಹೇಲರ್ ಪಕ್ಕಕ್ಕಿಟ್ಟು ಕೂತುಕೊಳ್ಳಿ. ಅದರಲ್ಲಿರುವುದು ಸಾಲ್ಬುಟಮಾಲ್, ಪಫ್‌ಗೆ 100 ಮೈಕ್ರೊಗ್ರಾಂ. ಶ್ವಾಸನಾಳ ಸಡಿಲಿಸುವ ಅದೇ ಔಷಧ ಕೈ ನಡುಗಿಸುತ್ತದೆ, ಹೃದಯವನ್ನೂ ಓಡಿಸುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಇಳಿಯುತ್ತದೆ. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತಾ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಕಾಲು ಗಂಟೆ ಬಿಟ್ಟು ಮತ್ತೆ ಎಣಿಸಿ. ಕೂತಿದ್ದರೂ 120 ದಾಟಿಯೇ ಇದ್ದರೆ ಆಸ್ಪತ್ರೆಗೆ ಹೊರಡಿ. ಅಲ್ಲಿಯವರೆಗೆ ಕಾಫಿ ಬೇಡ. ಎದೆಬಡಿತ ಇಳಿಸಲು ಮನೆಯಲ್ಲಿರುವ ಪ್ರೊಪ್ರನೊಲಾಲ್ ಮಾತ್ರೆಯನ್ನಂತೂ ಮುಟ್ಟಲೇಬೇಡಿ, ಆಸ್ತಮಾದವರ ಶ್ವಾಸನಾಳವನ್ನು ಅದು ಬಿಗಿಯುತ್ತದೆ.

ಎದೆನೋವು, ತಾಳ ತಪ್ಪಿದ ಬಡಿತ, ತಲೆಸುತ್ತಿ ಬೀಳುವುದು, ವಾಂತಿ, ಕೈಕಾಲು ಸೋಲುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಔಷಧ ಅತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯುತ್ತದೆ. ಇಸಿಜಿ, ರಕ್ತಪರೀಕ್ಷೆ ಮಾಡದೆ ಅದು ಗೊತ್ತಾಗುವುದಿಲ್ಲ. ಹೃದ್ರೋಗಿಗಳು, ಡೆರಿಫಿಲಿನ್ (ಉಸಿರಾಟದ ಇನ್ನೊಂದು ಮಾತ್ರೆ) ಅಥವಾ ಮೂತ್ರ ಹೋಗುವ ಮಾತ್ರೆ ತಗೊಳ್ಳುವವರು, ಆಟವಾಡುತ್ತಾ ಬಾಯಿಗೆ ಪಫ್ ಹೊಡೆದುಕೊಂಡ ಮಕ್ಕಳು, ಇವರೆಲ್ಲ ಲಕ್ಷಣ ಇಲ್ಲದಿದ್ದರೂ ಡಾಕ್ಟರ ಹತ್ತಿರ ಹೋಗುವುದೇ ಸರಿ. ಹೋಗುವಾಗ ಇನ್‌ಹೇಲರ್, ಮಾತ್ರೆಯ ಸ್ಟ್ರಿಪ್ ಎರಡೂ ಜೇಬಿನಲ್ಲಿರಲಿ. ನೆಬ್ಯುಲೈಜರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹಾಕಿದ್ದರೆ ಅದನ್ನೂ ಹೇಳಿ: ಅದಕ್ಕೆ ಸುರಿಯುವ ಔಷಧದ ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ, ಅಂದರೆ ರೆಸ್ಪ್ಯೂಲ್‌ನಲ್ಲಿ 2.5 ಮಿಲಿಗ್ರಾಂ, ಕಾಗದದ ಲೆಕ್ಕಕ್ಕೆ 25 ಪಫ್ (ಬಹುಪಾಲು ಗಾಳಿಗೇ ಹೋಗುತ್ತದೆ, ಆ ಮಾತು ಬೇರೆ).

ಇನ್ನು ಅಷ್ಟು ಎಳೆದರೂ ಉಸಿರು ಬಿಡಿಸಿಕೊಳ್ಳದಿದ್ದರೆ? ನನಗೆ ನಿಜವಾದ ಭಯ ಇದರದ್ದೇ. ಒಂದು ವಾಕ್ಯ ಪೂರ್ತಿ ಆಡಲಾಗುತ್ತಿಲ್ಲ, ತುಟಿ ನೀಲಿಗಟ್ಟಿದೆ ಎಂದರೆ ತಕ್ಷಣ 108. ಆಂಬುಲೆನ್ಸ್ ಬರುವವರೆಗೆ ನೆಟ್ಟಗೆ ಕೂರಿಸಿ, ಇನ್‌ಹೇಲರ್‌ಗೆ ಸ್ಪೇಸರ್ (ಔಷಧ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ) ಹಾಕಿ, 30ರಿಂದ 60 ಸೆಕೆಂಡಿಗೆ ಒಂದರಂತೆ ಹತ್ತು ಪಫ್‌ವರೆಗೆ ಕೊಡಬಹುದು. ಕೈ ನಡುಗಿತೆಂದು ಆಗ ಔಷಧ ನಿಲ್ಲಿಸಬಾರದು.

200 ಪಫ್‌ನ ಡಬ್ಬಿ ವರ್ಷಕ್ಕೆ ಮೂರು ಖಾಲಿಯಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ, ಊತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಬಗ್ಗೆ ಡಾಕ್ಟರನ್ನು ಕೇಳಿ. ಸ್ಟೀರಾಯ್ಡ್ ಎಂದು ಹೆದರಿ ಅದನ್ನು ಅರ್ಧಕ್ಕೇ ಬಿಟ್ಟು, "ಅಸ್ತಾಲಿನ್ ಒಂದೇ ಕೊಡಿ ಸಾರ್" ಅಂತ ಬರುವವರಿಗೆ ನಾನು ಮೊದಲು ಚೀಟಿ ತೋರಿಸಿ ಅನ್ನುತ್ತೇನೆ. ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುವವರೂ ಇದ್ದಾರೆ.